ಮೂರನೆಯ ಹಾಳೆ

ಮಂಗಳವಾರ ಬೆಳಿಗ್ಗೆ 10.20ಕ್ಕೆ ತಗಡಿನ ಡಬ್ಬಿ ಕಾರ್ಖಾನೆಯ ಮ್ಯಾನೇಜರು ಠಾಣೆಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ನೀಲಿ ಫೈಲು. ಕೂರಿ ಅನ್ನುವ ಮೊದಲೇ ಕೂತ. ದೂರನ್ನು ಆಫೀಸಿನಲ್ಲೇ ಟೈಪ್ ಮಾಡಿಕೊಂಡು ಬಂದಿದ್ದ, ಮೂರು ಪ್ರತಿ. ಪಾಪ, ಪೊಲೀಸರಿಗೆ ಬರೆದುಕೊಳ್ಳುವ ಕಷ್ಟ ಬೇಡ ಅಂತಿರಬೇಕು.

ದೂರಿನ ಸಾರಾಂಶ ಇಷ್ಟು: ಶನಿವಾರ ರಾಜೀನಾಮೆ ಕೊಟ್ಟು ಹೋಗಿದ್ದ, ತಗಡು ಒತ್ತುವ ಪ್ರೆಸ್ಸಿನ ಕೆಲಸಗಾರನೊಬ್ಬ ಸೋಮವಾರ ಬೆಳಿಗ್ಗೆ ಕಾರ್ಖಾನೆಗೆ ಅತಿಕ್ರಮ ಪ್ರವೇಶ ಮಾಡಿ, ಯಾರ ಅಪ್ಪಣೆಯೂ ಇಲ್ಲದೆ ಯಂತ್ರ ನಡೆಸಿ, 7.40ಕ್ಕೆ ತನ್ನ ಬಲಗೈಯ ನಾಲ್ಕು ಬೆರಳು ಕಳೆದುಕೊಂಡಿದ್ದಾನೆ. ಯಂತ್ರಕ್ಕೂ ಹಾನಿಯಾಗಿದೆ. ಅವನ ಮೇಲೆ ಕ್ರಮ ಜರುಗಿಸಬೇಕು.

ಇನ್‌ಸ್ಪೆಕ್ಟರ್ ಎರಡು ಸಲ ಓದಿದರು. ಹದಿನೇಳು ವರ್ಷದ ನೌಕರಿಯಲ್ಲಿ ಆಕೆ ಬಗೆಬಗೆಯ ದೂರು ಕಂಡಿದ್ದರು. ಬೆರಳು ಕತ್ತರಿಸಿಕೊಂಡವನ ಮೇಲೇ ಯಂತ್ರದ ಪರವಾಗಿ ದೂರು, ಇದು ಹೊಸದು.

"ಯಂತ್ರಕ್ಕೆ ಏನಾಯ್ತು?"

"ಅಚ್ಚು ತೊಳೀಬೇಕಾಯ್ತು ಮೇಡಂ. ಅರ್ಧ ದಿನ ನಿಂತೋಯ್ತು."

ಬಾಗಿಲಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೆಬಲ್ ಹಲ್ಲು ಕಚ್ಚಿದ್ದು ಅವನ ಮೀಸೆಯಲ್ಲೇ ಕಾಣಿಸಿತು. ಠಾಣೆಯಲ್ಲಿ ಅವನನ್ನು ಕರೆಯುವುದೂ ಮೀಸೆ ಎಂದೇ.

"ರಾಜೀನಾಮೆ ಎಲ್ಲಿ?"

ಮ್ಯಾನೇಜರು ಅದಕ್ಕೇ ಕಾದಿದ್ದವನಂತೆ ಫೈಲು ಬಿಚ್ಚಿದ. ಟೈಪ್ ಮಾಡಿದ ಆರು ಸಾಲು, ಶನಿವಾರದ ತಾರೀಕು, ಕೆಳಗೆ ಎಡಗೈ ಹೆಬ್ಬೆಟ್ಟಿನ ಗುರುತು.

"ಸಹಿ ಯಾಕಿಲ್ಲ? ಓದು ಬರಹ ಬರಲ್ವಾ?"

"ಬರುತ್ತೆ. ನಮ್ಮಲ್ಲಿ ಹೆಬ್ಬೆಟ್ಟೇ ಪದ್ಧತಿ. ಸಹಿ ನನ್ನದಲ್ಲ ಅಂತ ನಾಳೆ ಅನ್ನಬಹುದು. ಹೆಬ್ಬೆಟ್ಟು ಬದಲಾಗುತ್ತಾ ಮೇಡಂ?" ಎಂದು ನಕ್ಕ.

ದೂರು ಬಂದ ಮೇಲೆ ದಾಖಲಿಸಲೇಬೇಕು. 11.05ಕ್ಕೆ FIR ಆಯಿತು. ಮೂಲ ರಾಜೀನಾಮೆಯನ್ನು ಇನ್‌ಸ್ಪೆಕ್ಟರ್ ವಶಕ್ಕೆ ತೆಗೆದುಕೊಂಡರು. ಪ್ರತಿ ಸಾಲದೇ ಎಂದು ಮ್ಯಾನೇಜರು ರಾಗ ಎಳೆದ. ಸಾಲದು ಎಂದರು.

ಮಧ್ಯಾಹ್ನ 12.15ಕ್ಕೆ ಕಾರ್ಮಿಕ ವಿಮಾ ಆಸ್ಪತ್ರೆಯ ಎರಡನೇ ಮಹಡಿ. ಆರೋಪಿ ಕಿಟಕಿ ಪಕ್ಕದ ಮಂಚದ ಮೇಲಿದ್ದ, ಬಲಗೈ ತೊಡೆಗಾತ್ರದ ಪಟ್ಟಿಯೊಳಗೆ. ಖಾಕಿ ಕಂಡದ್ದೇ ತಡ, ಅವನ ಹೆಂಡತಿ ಸ್ಟೂಲಿನಿಂದ ಎದ್ದಳು.

"ಬಂದ್ರಾ? ಬನ್ನಿ. ಕೈ ಹೋದವನಿಗೆ ಬೇಡಿ ಹೇಗೆ ಹಾಕ್ತೀರೋ ನೋಡೋಣ."

"ಹೇಳಿಕೆ ತಗೊಳ್ಳೋಕೆ ಬಂದಿದೀವಮ್ಮ."

"ಹೇಳಿಕೆ! ಡಾಕ್ಟರು ಹೇಳಿದ್ದು ಕೇಳಿ ಮೊದಲು. ನಂಜು ಏರ್ತಿದೆಯಂತೆ. ಶುಕ್ರವಾರದೊಳಗೆ ಇನ್ನೊಂದು ಆಪರೇಷನ್ ಆಗಬೇಕಂತೆ, ಇಲ್ಲಾಂದ್ರೆ ಮಣಿಕಟ್ಟಿನವರೆಗೂ ತೆಗೀತಾರಂತೆ. ಅದಕ್ಕೆ ದೊಡ್ಡಾಸ್ಪತ್ರೆಗೆ ಕಳಿಸಬೇಕು. ಕಳಿಸೋಕೆ ಇವರು ಕೆಲಸದಲ್ಲಿದಾರೆ ಅಂತ ಕಂಪನಿ ಪತ್ರ ಬೇಕು. ಕಂಪನಿಯವನು ಏನಂತಾನೆ? ನಿನ್ನ ಗಂಡ ಯಾರೋ ನಮಗೆ ಗೊತ್ತಿಲ್ಲ ಅಂತಾನೆ!"

ಇನ್‌ಸ್ಪೆಕ್ಟರ್ ಡಾಕ್ಟರನ್ನು ಕಂಡು ಕೇಳಿದರು. ಹೆಂಡತಿ ಹೇಳಿದ್ದು ಅಕ್ಷರಶಃ ನಿಜ. ಹೆಬ್ಬೆರಳೊಂದು ಉಳಿದಿತ್ತು, ಅದನ್ನು ಉಳಿಸಿಕೊಂಡರೆ ಹಿಡಿತವೆಂಬುದು ಇರುತ್ತದೆ. ಈ ಹೊತ್ತಿಗೆ ಕೈಗಿದ್ದ ಗಡುವು ಮೂರು ದಿನ.

ಮಂಚದ ಬಳಿ ಹಿಂತಿರುಗಿ ಪ್ರಶ್ನೆ ಶುರುಮಾಡಿದರು.

"ಶನಿವಾರ ಕೆಲಸ ಬಿಟ್ಟಿದ್ದು ಹೌದಾ?"

"ಬಿಟ್ಟವನು ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಬಂದು ಮುಚ್ಚಳ ಯಾಕೆ ಒತ್ತಲಿ? ಹವ್ಯಾಸಕ್ಕಾ?" ನೋವಿನಲ್ಲೂ ಅವನ ನಾಲಿಗೆ ಚುರುಕಾಗಿತ್ತು.

"ಈ ಹೆಬ್ಬೆಟ್ಟು ನಿಮ್ಮದಾ?"

ಕಾಗದವನ್ನು ಬಹಳ ಹೊತ್ತು ನೋಡಿದ. "ಇಂಥ ಪತ್ರಕ್ಕೆ ನಾನು ಒತ್ತಿಲ್ಲ."

"ಹಾಗಾದ್ರೆ ಹೋಲಿಸಿ ನೋಡ್ತೀವಿ. ಎಡಗೈ ಕೊಡಿ."

ಮೀಸೆ ಮಸಿ ಹಚ್ಚಿ, ಬಿಳಿ ಹಾಳೆಯ ಮೇಲೆ ಹೆಬ್ಬೆಟ್ಟನ್ನು ಹೊರಳಿಸಿದ. ಬರೀ ಕಪ್ಪು ಮಚ್ಚೆ. ಮಸಿ ಹೆಚ್ಚಾಯಿತೇನೋ ಎಂದು ಒರೆಸಿ ಇನ್ನೊಮ್ಮೆ ಹಚ್ಚಿದ. ಮತ್ತೆ ಮಚ್ಚೆ. ಮೂರನೆಯ ಸಲ ಅವನ ಬೆರಳನ್ನು ಗಟ್ಟಿಯಾಗಿ ಅದುಮಿದಾಗ ಹೆಂಡತಿಗೆ ತಡೆಯಲಾಗಲಿಲ್ಲ.

"ಎಷ್ಟು ಅದುಮಿದ್ರೂ ಅಷ್ಟೇ. ಒಂಬತ್ತು ವರ್ಷದಿಂದ ದಿನಾ ತಗಡು ಸವರಿದ ಬೆರಳು. ಗೆರೆ ಎಲ್ಲಿಂದ ಬರಬೇಕು? ಬ್ಯಾಂಕಿನ ಯಂತ್ರಾನೇ ಹಿಡಿಯಲ್ಲ ಇವರ ಬೆರಳನ್ನ."

ಇನ್‌ಸ್ಪೆಕ್ಟರ್ ರಾಜೀನಾಮೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅದರಲ್ಲಿದ್ದ ಗುರುತಿನಲ್ಲಿ ಒಂದೊಂದು ಗೆರೆಯೂ ಎಣಿಸುವಷ್ಟು ನಿಚ್ಚಳ. ಮೂರು ದಿನದ ಹಿಂದೆ ಇಷ್ಟೊಂದು ಗೆರೆಯಿದ್ದ ಬೆರಳು ಈವತ್ತು ಗಾಜಿನಂತೆ ನುಣುಪು. ಆಕೆ ಮೀಸೆಯ ಮುಖ ನೋಡಿದರು. ಅವನು ಬೆಪ್ಪಾಗಿ ತನ್ನ ಹೆಬ್ಬೆರಳನ್ನೇ ತಿರುಗಿಸಿ ನೋಡಿಕೊಳ್ಳುತ್ತಿದ್ದ.

ಬುಧವಾರ ಬೆಳಿಗ್ಗೆ 9ಕ್ಕೆ ಪಂಚರೊಡನೆ ಕಾರ್ಖಾನೆ ಹೊಕ್ಕರು. ಹೊರಗಿನ ಗೋಡೆಯ ಮೇಲೆ ದೊಡ್ಡ ಫಲಕ: ಅಪಘಾತವಿಲ್ಲದ ದಿನಗಳು 1,113. ನಿನ್ನೆ ರಾತ್ರಿಯೂ ಯಾರೋ ನಿಷ್ಠೆಯಿಂದ ಒಂದು ಕೂಡಿಸಿದ್ದರು. ಎಲಾ ಇವನ!

ಕೆಳ ಅಂತಸ್ತಿನಲ್ಲಿ ಹನ್ನೆರಡು ಪ್ರೆಸ್ಸುಗಳು ಒಂದೇ ಸಾಲಿನಲ್ಲಿ ಧಡಧಡ ಬಡಿಯುತ್ತಿದ್ದವು, ಈಗ ಮೇಸ್ತ್ರಿಯೇ ನಡೆಸುತ್ತಿದ್ದ ಏಳನೆಯದೂ ಸೇರಿ. ಬೆರಳು ಹೋದದ್ದು ಅದರಲ್ಲೇ. ಇನ್‌ಸ್ಪೆಕ್ಟರ್ ಅದನ್ನು ನಿಲ್ಲಿಸಲು ಹೇಳಿದರು.

"ಆರ್ಡರ್ ಇದೆ ಮೇಡಂ," ಎಂದ ಮ್ಯಾನೇಜರು.

"ನನ್ನದೂ ಆರ್ಡರೇ. ನಿಲ್ಲಿಸಿ."

ಪ್ರೆಸ್ಸಿಗೆ ಎಡಕ್ಕೊಂದು, ಬಲಕ್ಕೊಂದು ಹಸಿರು ಗುಂಡಿ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಕೆಳಗಿಳಿಯಬೇಕು. ಎರಡೂ ಕೈ ಗುಂಡಿಯ ಮೇಲಿದ್ದರೆ ಅಚ್ಚಿನಡಿ ಬೆರಳಿರುವುದು ಹೇಗೆ? ಇನ್‌ಸ್ಪೆಕ್ಟರ್ ಬಗ್ಗಿ ಟಾರ್ಚು ಬಿಟ್ಟರು. ಬಲ ಗುಂಡಿಯ ಸುತ್ತ ಜಿಡ್ಡು ಕಟ್ಟಿದ್ದರೂ ಒಂದು ಕಡೆ ಮಾತ್ರ ಅಂಗುಲಗಲದ ಜಾಗ ಶುಭ್ರವಾಗಿತ್ತು. ಗುಂಡಿಯ ಸಂದಿಯಲ್ಲಿ ಸಣ್ಣದೊಂದು ಮರದ ಸಿಬಿರು. ಚಿಮುಟದಿಂದ ತೆಗೆದು ಲಕೋಟೆಗೆ ಹಾಕಿ ಪಂಚನಾಮೆಯಲ್ಲಿ ಬರೆಸಿದರು.

"ಇಲ್ಲೇನಿತ್ತು?" ಎಂದು ಮೇಸ್ತ್ರಿಯನ್ನು ಕೇಳಿದರು.

ಮೇಸ್ತ್ರಿ ಮ್ಯಾನೇಜರನ ಕಡೆ ನೋಡಿದ.

"ಗೋಡೆ ಮೇಲೆ ಆ ಡಬ್ಬ ಏನು? ಯಾಕೆ ಮುಚ್ಚಿಟ್ಟಿದೀರಿ?"

ಇದಕ್ಕೆ ಉತ್ತರಿಸಲು ಮೇಸ್ತ್ರಿಗೆ ಭಯವಿರಲಿಲ್ಲ. "ಬೆರಳಿಟ್ಟು ಹಾಜರಿ ಹಾಕೋ ಯಂತ್ರ. ಪ್ರೆಸ್ಸಿನವರ ಬೆರಳು ಹಿಡೀಲೇ ಇಲ್ಲ. ವಾರಕ್ಕೇ ಮೂಲೆಗೆ ಬಿತ್ತು."

ಮ್ಯಾನೇಜರನ ಮುಖ ಸುಟ್ಟ ಬದನೆಕಾಯಿಯಾಯಿತು. ಇನ್‌ಸ್ಪೆಕ್ಟರ್ ಮಸಿಡಬ್ಬಿ ತರಿಸಿ, ಸಾಲಿನಲ್ಲಿದ್ದ ಹನ್ನೊಂದು ಮಂದಿಯ ಎಡ ಹೆಬ್ಬೆಟ್ಟು ಒತ್ತಿಸಿದರು. ಹತ್ತು ಮಚ್ಚೆ, ಒಂದು ನಿಚ್ಚಳ ಗುರುತು. ನಿಚ್ಚಳವಾಗಿ ಬಂದದ್ದು ಹೋದ ತಿಂಗಳು ಸೇರಿದ ವಿಧವೆಯೊಬ್ಬಳದು.

"ಸೇರಿದ ದಿನ ಎಲ್ಲೆಲ್ಲಿ ಹೆಬ್ಬೆಟ್ಟು ಒತ್ತಿದ್ರಿ?"

"ಮೂರು ಬಿಳೀ ಹಾಳೆ ಮೇಲೆ. ಎಲ್ರೂ ಒತ್ತಬೇಕಂತೆ, ಪದ್ಧತಿಯಂತೆ."

"ಏನು ಬರೆದಿತ್ತು?"

"ಬಿಳೀ ಹಾಳೆ ಅಂದ್ನಲ್ಲ ಮೇಡಂ."

ಮೇಲಿನ ಆಫೀಸಿನಲ್ಲಿ ಕಬ್ಬಿಣದ ಬೀರು. ಕೀಲಿಕೈ ಕಳೆದಿದೆ ಎಂದ ಮ್ಯಾನೇಜರು. ಮೀಸೆ ಬೀಗದವನನ್ನು ಕರೆತರಲು ಹೊರಟದ್ದೇ ತಡ, ಅದು ಮ್ಯಾನೇಜರನ ಪ್ಯಾಂಟಿನ ಜೇಬಿನಲ್ಲೇ ಸಿಕ್ಕಿತು. ಒಳಗೆ ಒಬ್ಬೊಬ್ಬರಿಗೊಂದು ಫೈಲು, ಒಂದೊಂದರಲ್ಲೂ ಖಾಲಿ ಹಾಳೆಗಳು, ಕೆಳತುದಿಯಲ್ಲಿ ಹೆಬ್ಬೆಟ್ಟು. ಕಾನೂನು ಒಬ್ಬ ಕೆಲಸಗಾರನಿಗೆ ಕೊಟ್ಟದ್ದನ್ನೆಲ್ಲ ಕಿತ್ತುಕೊಳ್ಳಲು ಮೂರೇ ಹಾಳೆ ಸಾಕು ಎಂದು ಇಲ್ಲಿ ಯಾರೋ ಲೆಕ್ಕ ಹಾಕಿದ್ದರು. ಇನ್‌ಸ್ಪೆಕ್ಟರಿಗೆ ಮೈಯೆಲ್ಲ ಉರಿದುಹೋಯಿತು. ಬೆರಳು ಹೋದವನ ಫೈಲಿನಲ್ಲಿ ಇದ್ದದ್ದು ಎರಡು ಮಾತ್ರ. ಹಾಳೆಗಳನ್ನೂ ಆಫೀಸಿನ ಕಂಪ್ಯೂಟರನ್ನೂ ಪ್ರಯೋಗಾಲಯಕ್ಕೆಂದು ಜಪ್ತಿ ಮಾಡಿ ಮುಗಿದಾಗ 12.50.

ಮೇಸ್ತ್ರಿ ಬಾಯಿಬಿಟ್ಟದ್ದು ಸಂಜೆ 5.30ಕ್ಕೆ, ತಾನಾಗಿಯೇ ಠಾಣೆಗೆ ಬಂದು. ನಿಂತೇ ಹೇಳಿದ.

"ಬಲ ಗುಂಡಿಗೆ ಮರದ ಬೆಣೆ ಹೊಡೆದಿರ್ತೀವಿ ಮೇಡಂ. ಆಗ ಒಂದು ಕೈಲಿ ಒತ್ತಬಹುದು, ಇನ್ನೊಂದು ಕೈಲಿ ತಗಡು ಹಾಕಬಹುದು. ದಿನಕ್ಕೆ ಎಂಟುನೂರು ಮುಚ್ಚಳ ಜಾಸ್ತಿ ಬೀಳುತ್ತೆ. ಮ್ಯಾನೇಜರೇ ಹೇಳಿ ಹೊಡೆಸಿದ್ದು."

"ಸೋಮವಾರ ಏನಾಯ್ತು?"

"ಕೂಗು ಕೇಳಿ ಓಡಿದೆ. ಮ್ಯಾನೇಜರೂ ಮೇಲಿಂದ ಓಡಿ ಬಂದ." ಮೇಸ್ತ್ರಿ ಉಗುಳು ನುಂಗಿದ. "ಅವನ ಕೈ ಇನ್ನೂ ಅಚ್ಚಿನಡೀಲೇ ಇತ್ತು. ಮ್ಯಾನೇಜರು ಮೊದಲು ಬೆಣೆ ಕಿತ್ತು ಜೇಬಿಗೆ ಹಾಕ್ಕೊಂಡ. ಆಮೇಲೆ ಅಚ್ಚು ಎತ್ತು ಅಂದ."

ಬರೆದುಕೊಳ್ಳುತ್ತಿದ್ದ ಮೀಸೆ ಪೆನ್ನು ಕೆಳಗಿಟ್ಟ. "ಥೂ," ಎಂದ, ಅಧಿಕಾರಿಯ ಮುಂದೆ ಎಂಬುದನ್ನೂ ಮರೆತು. ಇನ್‌ಸ್ಪೆಕ್ಟರ್ ಬೈಯಲಿಲ್ಲ. ಅದನ್ನೊಂದು ಬಿಟ್ಟು ಮಿಕ್ಕಿದ್ದೆಲ್ಲ ಬರೆದುಕೋ ಎಂದರು.

ಗುರುವಾರ 11.40ಕ್ಕೆ ಪ್ರಯೋಗಾಲಯದ ವರದಿ ಬಂತು. ರಾಜೀನಾಮೆಯ ಗುರುತೂ ಉಳಿದ ಎರಡು ಹಾಳೆಗಳ ಗುರುತೂ ಒಂದೇ ಬೆರಳಿನವು, ಒಂದೇ ಹಳೆಯ ಮಸಿಯವು. ಹೆಬ್ಬೆಟ್ಟಿನ ಮೇಲಂಚಿಗೆ ತಾಗಿದ ಅಕ್ಷರಗಳು ಮಸಿ ಒಣಗಿ ವರ್ಷಗಟ್ಟಲೆ ಆದ ಮೇಲೆ ಬಿದ್ದವು. ಆಫೀಸಿನ ಕಂಪ್ಯೂಟರಿನಲ್ಲಿ ಆ ಪತ್ರ ತಯಾರಾದದ್ದು ಸೋಮವಾರ 9.05ಕ್ಕೆ. ಅಂದರೆ ಕೈ ಹೋಗಿ ಒಂದು ಗಂಟೆ ಇಪ್ಪತ್ತೈದು ನಿಮಿಷ ಕಳೆದ ಮೇಲೆ ಅವನು ಎರಡು ದಿನದ ಹಿಂದೆ ರಾಜೀನಾಮೆ ಕೊಟ್ಟಿದ್ದ!

ವರದಿಯ ಪ್ರತಿ ಹಿಡಿದು ಇನ್‌ಸ್ಪೆಕ್ಟರ್ ಖುದ್ದಾಗಿ ಕಾರ್ಮಿಕ ಇಲಾಖೆಗೆ ಹೋದರು; ಕಂಪನಿ ಪತ್ರದ ಬದಲಿಗೆ ಇಲಾಖೆಯ ಪತ್ರವಾದರೂ ಆಸ್ಪತ್ರೆಗೆ ಸಾಕಿತ್ತು. ಫೈಲು ನಾಳೆ ನೋಡೋಣ ಎಂದ ಅಧಿಕಾರಿಯ ಎದುರು ಕುರ್ಚಿ ಎಳೆದುಕೊಂಡು ಕೂತರು. "ನಾಳೆಗೆ ಕೈ ಇರಲ್ಲ ಸಾರ್. ಇಲ್ಲೇ ಕೂತಿರ್ತೀನಿ." 1.30ಕ್ಕೆ ಆತ ಪತ್ರಕ್ಕೆ ಸಹಿ ಹಾಕಿದ: ಗಾಯಾಳು ಅಪಘಾತದ ಸಮಯದಲ್ಲಿ ಕಾರ್ಖಾನೆಯ ಕಾಯಂ ಕೆಲಸಗಾರ. ಮೀಸೆ ಅದನ್ನು ಹಿಡಿದು ಆಸ್ಪತ್ರೆಗೆ ಜೀಪು ಓಡಿಸಿದ. ಮೂರು ಗಂಟೆಗೆ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಶುರುವಾಯಿತು.

ಸಂಜೆ 4.40ಕ್ಕೆ ಮ್ಯಾನೇಜರನ್ನು ಅವನ ಆಫೀಸಿನಲ್ಲೇ ಬಂಧಿಸಿದರು. ಸುಳ್ಳು ದಾಖಲೆ ಸೃಷ್ಟಿ, ಸಾಕ್ಷ್ಯ ನಾಶ, ಸುಳ್ಳು ದೂರು, ನಿರ್ಲಕ್ಷ್ಯದಿಂದ ತೀವ್ರ ಗಾಯ. ಮೇಜಿನ ಖಾನೆಯಲ್ಲಿ ಬೆಣೆಯೂ ಸಿಕ್ಕಿತು, ಒಂದು ಕಡೆ ಸಿಬಿರು ಎದ್ದದ್ದು. ಕೆಳ ಅಂತಸ್ತಿನ ಸಾಲನ್ನು ದಾಟಿ ಕರೆದೊಯ್ಯುವಾಗ ಹನ್ನೊಂದು ಮಂದಿಯೂ ಯಂತ್ರ ನಿಲ್ಲಿಸಿ ಅವನು ಬಾಗಿಲು ದಾಟುವವರೆಗೂ ನೋಡುತ್ತ ನಿಂತರು. ಅವನು ತಲೆ ಎತ್ತಲಿಲ್ಲ.

ಠಾಣೆಯಲ್ಲಿ ಮ್ಯಾನೇಜರನ ಹೇಳಿಕೆ ಬರೆಯುತ್ತಿರುವಾಗ ಮೀಸೆಯ ಫೋನು ಬಂತು. ಹೆಬ್ಬೆರಳು ಉಳಿದಿದೆ, ಮಣಿಕಟ್ಟಿಗೇನೂ ಆಗಿಲ್ಲ. ಹೆಂಡತಿ ಪೊಲೀಸರಿಗೆ ಏನಾದರೂ ಹೇಳಿದಳೇ ಎಂದು ಇನ್‌ಸ್ಪೆಕ್ಟರ್ ಕೇಳಿದರು. ಇನ್ನೂ ಬೈಯುತ್ತಲೇ ಇದ್ದಾಳೆ ಎಂದ ಮೀಸೆ, ದನಿಯಲ್ಲಿ ನಗೆಯಿತ್ತು.

ಫೋನಿಟ್ಟು ಎದುರಿಗಿದ್ದವನ ಕಡೆ ತಿರುಗಿದರು. "ಬೆಣೆ ಹೊಡೆದರೆ ಹೀಗಾಗುತ್ತೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಹೇಗೆ?"

"ಮೊದಲು ಐದು ವರ್ಷ ನಾನೂ ಪ್ರೆಸ್ಸಲ್ಲೇ ಇದ್ದೆ. ಅದೇ ಏಳನೇದು."

ಇನ್‌ಸ್ಪೆಕ್ಟರ್ ಅವನ ಕೈ ಎಳೆದು ಬೆಳಕಿಗೆ ಹಿಡಿದರು. ಹೆಬ್ಬೆಟ್ಟಿನ ತುಂಬ ಗೆರೆ.

"ಆಫೀಸಿಗೆ ಬಂದ ಮೇಲೆ ನಿಧಾನಕ್ಕೆ ಬಂತು," ಎಂದ ಅವನು. "ಹೋಗಿದ್ದು ಮರೆತೇಹೋಗಿತ್ತು."

"ಜೊತೆಗೆ ದುಡಿದವನಿಗೇ ಹೀಗೆ ಮಾಡೋಕೆ ಮನಸ್ಸು ಹೇಗೆ ಬಂತು?"

"ಮಾಲೀಕರು ಹೇಳಿದ್ರು. ಮುಚ್ಚಳ ಕಡಿಮೆ ಬಿದ್ರೂ ಕೆಳಗೆ ಕಳಿಸ್ತೀನಿ, ಅಪಘಾತ ಆದ್ರೂ ಕೆಳಗೆ ಕಳಿಸ್ತೀನಿ ಅಂತ."

"ಕಳಿಸಿದ್ರೆ? ಐದು ವರ್ಷ ಮಾಡಿದ ಕೆಲಸ ತಾನೆ?"

ಇಷ್ಟು ಹೊತ್ತು ಸೆಟೆದು ಕೂತಿದ್ದವನು ಮೊದಲ ಸಲ ಆಕೆಯ ಮುಖ ನೋಡಿದ. "ಅದಕ್ಕೇ ಮೇಡಂ. ಐದು ವರ್ಷ, ಪ್ರತಿಸಲ ಅಚ್ಚು ಇಳಿದಾಗಲೂ ಬೆರಳು ಎಣಿಸಿಕೊಳ್ತಿದ್ದೆ."

ಮಾಲೀಕನಿಗೆ ಮರುದಿನ ಬೆಳಿಗ್ಗೆ 10ಕ್ಕೆ ಹಾಜರಾಗಲು ನೋಟಿಸು ಹೋಯಿತು. ಇನ್‌ಸ್ಪೆಕ್ಟರ್ ಕೇಸ್ ಡೈರಿ ಬಿಡಿಸಿ, ಕೃತ್ಯಕ್ಕೆ ಕಾರಣ ಎಂಬಲ್ಲಿ ದುರಾಸೆ ಎಂದು ಬರೆದರು. ಸ್ವಲ್ಪ ಹೊತ್ತು ಅದನ್ನೇ ನೋಡಿ, ಹೊಡೆದುಹಾಕಿ, ಹೆದರಿಕೆ ಎಂದು ತಿದ್ದಿ ಪಕ್ಕದಲ್ಲಿ ಸಹಿ ಹಾಕಿದರು.