ಗೆರೆಯ ಈ ತುದಿಯಲ್ಲಿ ಒಬ್ಬರೇ

"ಈ ಪೋಷಕರನ್ನ ಅಳಿಸಿದ್ರೆ ಮಕ್ಕಳು ಎಲ್ಲಿಗೆ ಹೋಗ್ತಾರೆ?"

ಬೋರ್ಡಿನ ಮುಂದೆ ನಿಂತಿದ್ದ ಅವಳು ಬೆಚ್ಚಿ ತಿರುಗಿದಳು. ಬಾಗಿಲಿಗೆ ಒರಗಿ ನಿಂತವನನ್ನು ಅವಳು ನೋಡಿದ್ದು ಅದೇ ಮೊದಲು. ಆದರೆ ಕೆಲಸಕ್ಕೆ ಸೇರಿದ ದಿನವೇ ಅವನ ಅಡ್ಡಹೆಸರು ಕಿವಿಗೆ ಬಿದ್ದಿತ್ತು. ಗರಗಸ! ಯಾರ ಡಿಸೈನ್ ಕೈಗೆ ಸಿಕ್ಕರೂ ಕೊಯ್ದು ಹಾಕುವ ಹಿರಿಯ ಇಂಜಿನಿಯರ್.

ಶಿಶುವಿಹಾರಗಳಿಗೆಂದು ಅವರ ಆಫೀಸು ಒಂದು ಸಾಫ್ಟ್‌ವೇರ್ ಕಟ್ಟುತ್ತಿತ್ತು. ಬೋರ್ಡಿನಲ್ಲಿ ಎರಡು ಚೌಕಗಳಿದ್ದವು. ಒಂದು ಪೋಷಕ, ಇನ್ನೊಂದು ಮಗು, ನಡುವೆ ಒಂದು ಗೆರೆ. ಪೋಷಕರ ತುದಿಯಲ್ಲಿ 'ಒಂದು' ಎಂಬ ಅಂಕಿ, ಮಗುವಿನ ತುದಿಯಲ್ಲಿ ನಕ್ಷತ್ರ. ಅಂದರೆ, ಒಬ್ಬ ಪೋಷಕರಿಗೆ ಎಷ್ಟು ಮಕ್ಕಳಾದರೂ ಇರಬಹುದು. ಆ ಮಕ್ಕಳನ್ನೆಲ್ಲ ಅವಳು ಪೋಷಕರ ಚೌಕದೊಳಗೇ ತುಂಬಿಟ್ಟಿದ್ದಳು.

"ಮಕ್ಕಳು ಇದ್ದಲ್ಲೇ ಇರ್ತಾರೆ ಸರ್."

"ಇರಲ್ಲ. ಪೋಷಕರ ಜೊತೆಗೇ ಅಳಿಸಿಹೋಗ್ತಾರೆ. ಮಗುಗೆ ಅದರದೇ ಜಾಗ ಕೊಡಿ. ತನ್ನ ಪೋಷಕರು ಯಾರು ಅಂತ ಅದೇ ನೆನಪಿಟ್ಟುಕೊಳ್ಳಲಿ."

ಅಷ್ಟು ಹೇಳಿ ಹೊರಟೇಹೋದ. 'ಎಷ್ಟು ಕೊಬ್ಬು ಈ ಮನುಷ್ಯನಿಗೆ!' ಎಂದು ಹಲ್ಲು ಕಡಿದಳು. ಅವನು ಹೇಳಿದ್ದು ಸರಿಯಾಗಿತ್ತು ಎಂಬುದೇ ಅವಳ ನಿಜವಾದ ಉರಿ.

ಸಿಟ್ಟು ಬರಿಸಿದವರ ಮೇಲೆ ಮನಸ್ಸು ಬರುವುದಿಲ್ಲ ಎಂದು ಯಾರು ಹೇಳಿದ್ದೋ! ತಿಂಗಳು ಕಳೆಯುವಷ್ಟರಲ್ಲಿ ನಮ್ಮ ಹುಡುಗಿ ತನ್ನ ಡಿಸೈನಿನಲ್ಲಿ ಬೇಕೆಂದೇ ಒಂದು ತಪ್ಪು ಬಿಟ್ಟು ಅವನಿಗೆ ಕಳಿಸತೊಡಗಿದ್ದಳು. ತಪ್ಪಿದ್ದರೆ ತಾನೇ ಅವನು ಎದ್ದು ಅವಳ ಮೇಜಿನ ತನಕ ಬರುವುದು?

ಒಂದು ಸಂಜೆ ಮೆಟ್ಟಿಲ ಬಳಿ ಅವನೇ ತಡೆದ.

"ತಪ್ಪುಗಳನ್ನ ಬೇಕಂತಲೇ ಬಿಡ್ತೀರಿ ಅಂತ ನನಗೆ ಗೊತ್ತು."

ಅವಳ ಕಿವಿಯ ತುದಿ ಬಿಸಿಯಾಯಿತು.

"ನನಗೂ ನೀವಂದ್ರೆ ಇಷ್ಟ. ಆದ್ರೆ... ನಾನೊಬ್ಬನೇ ಅಲ್ಲ. ಅಕ್ಕ, ಭಾವ ಇಬ್ಬರೂ ತೀರಿಕೊಂಡ್ರು. ಅವರ ಇಬ್ಬರು ಮಕ್ಕಳು ನನ್ನ ಹತ್ರಾನೇ ಇದಾರೆ. ನನ್ನನ್ನ ಒಪ್ಪಿದ್ರೆ ಅವರನ್ನೂ ಒಪ್ಪಬೇಕು. ಯೋಚನೆ ಮಾಡಿ ಹೇಳಿ."

ಅವಳು ತಲೆಯಾಡಿಸಿ ಮೆಟ್ಟಿಲಿಳಿದಳು.

ಮನೆಯಲ್ಲಿ ಅಮ್ಮ ಆಸ್ಪತ್ರೆಯಿಂದ ಆಗಷ್ಟೇ ಬಂದು ನರ್ಸಿನ ಬಿಳಿ ಬಟ್ಟೆ ನೆನೆಹಾಕುತ್ತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡು ಕೈ ಒರೆಸಿಕೊಂಡಳು.

"ನಿನ್ನನ್ನ ಒಬ್ಬಳೇ ಸಾಕಿದವಳು ನಾನು. ಆ ಕಷ್ಟ ಏನು ಅಂತ ನನಗೆ ಗೊತ್ತು ಕಣೇ. ಅರ್ಧ ದಾರಿಯಲ್ಲಿ ಸುಸ್ತಾಯ್ತು ಅಂತ ಮಕ್ಕಳ ಕೈ ಬಿಡೋ ಹಾಗಿಲ್ಲ. ಬಿಡೋಳಾದ್ರೆ ಈಗಲೇ ಬೇಡ ಅಂದ್ಬಿಡು."

ಅವಳು ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. 'ನನ್ನಿಂದ ಆಗುತ್ತಾ? ಆಗದಿದ್ರೆ...?' ಫೋನು ಎತ್ತಿಕೊಂಡಳು, ಇಟ್ಟಳು, ಮತ್ತೆ ಎತ್ತಿಕೊಂಡಳು.

ಮರುದಿನ ಡಿಸೈನ್ ಒಪ್ಪಿಸುವ ಮೀಟಿಂಗ್. ಶಿಶುವಿಹಾರ ನಡೆಸುವ ಮೇಡಂ ಕೂಡ ಬಂದಿದ್ದರು.

"ಪೋಷಕರಿಗೆ ನೋಡ್ಕೊಳ್ಳೋಕೆ ಆಗದೇ ಹೋದ್ರೆ ಏನಮ್ಮ ಮಾಡೋದು?"

ಅವಳ ತಲೆ ಎಲ್ಲೋ ಇತ್ತು. ಬಾಯಿಪಾಠ ಒಪ್ಪಿಸಿದಂತೆ ಹೇಳಿದಳು. "ಮಕ್ಕಳನ್ನ ಬೇರೆ ಪೋಷಕರಿಗೆ ವರ್ಗಾಯಿಸಬಹುದು. ಒಬ್ಬರಿಗೆ ಹೊರೆ ಆಗದ ಹಾಗೆ ಮಿತಿನೂ ಹಾಕಬಹುದು."

ಅಭ್ಯಾಸಬಲ, ಹೇಳಿ ಮುಗಿಸಿ ಅವನ ಮುಖ ನೋಡಿದಳು. ಅವನು ಪೆನ್ನಿನ ಮುಚ್ಚಳ ಹಾಕುತ್ತಿದ್ದ.

"ಸರಿಯಾಗಿದೆ," ಎಂದ. ಗರಗಸದ ಬಾಯಲ್ಲಿ ಆ ಮಾತು ಕೇಳಿ ಸಹೋದ್ಯೋಗಿಗಳೆಲ್ಲ ಚಪ್ಪಾಳೆ ತಟ್ಟಿದರು.

ಅಂದಿನಿಂದ ಅವನು ಅವಳ ಮೇಜಿನ ಹತ್ತಿರ ಸುಳಿಯಲಿಲ್ಲ. ಅವಳು ಬಿಟ್ಟ ತಪ್ಪುಗಳನ್ನು ಬೇರೆ ಯಾರೋ ತಿದ್ದಿ ಕಳಿಸಿದರು. ಅವಳ ಊಟ ಡಬ್ಬಿಯಲ್ಲೇ ಉಳಿಯತೊಡಗಿತು. 'ಕೇಳಿದವನೂ ಅವನೇ, ಉತ್ತರಕ್ಕೆ ಮೊದಲೇ ಮುಖ ತಿರುಗಿಸಿದವನೂ ಅವನೇ! ಇದು ಯಾವ ನ್ಯಾಯ?'

ಸಾಫ್ಟ್‌ವೇರ್ ಚಾಲೂ ಮಾಡುವ ದಿನ ಇಬ್ಬರೂ ಶಿಶುವಿಹಾರಕ್ಕೆ ಹೋಗಲೇಬೇಕಾಯಿತು. ಸಂಜೆ ಮಕ್ಕಳನ್ನು ಮನೆಗೆ ಕಳಿಸುವ ಹೊತ್ತು. ಗೇಟಿನಲ್ಲಿ ಗಲಾಟೆ ಎದ್ದಿತು.

"ನನ್ನ ಮಗಳನ್ನ ಕರ್ಕೊಂಡು ಹೋಗೋಕೆ ನನಗೇ ಬಿಡಲ್ಲ ಅಂದ್ರೆ?" ಎಂದು ಒಬ್ಬ ತಂದೆ ಕೂಗಾಡುತ್ತಿದ್ದ. ಪರದೆಯ ಮೇಲೆ ಮಗುವಿನ ಪೋಷಕರ ಜಾಗದಲ್ಲಿ ಅವನ ಹೆಂಡತಿಯ ಹೆಸರಿತ್ತು. ಇನ್ನೊಂದು ಹೆಸರಿಗೆ ಅಲ್ಲಿ ಜಾಗವೇ ಇರಲಿಲ್ಲ.

ಮೇಡಂ ತಂದೆಯನ್ನು ಸಮಾಧಾನ ಮಾಡಿ ಮಗುವನ್ನು ಕಳಿಸಿಕೊಟ್ಟರು. ಆಮೇಲೆ ಇಬ್ಬರ ಮುಖವನ್ನೂ ನೋಡಿ ನಕ್ಕರು. "ಮಗುಗೆ ಅಪ್ಪ ಅಮ್ಮ ಅಂತ ಇಬ್ಬರಿರ್ತಾರೆ ಅನ್ನೋದು ನಿಮ್ಮಿಬ್ಬರಲ್ಲಿ ಒಬ್ಬರಿಗೂ ಹೊಳೀಲಿಲ್ವಾ?"

ಅವರು ಒಳಗೆ ಹೋದ ಮೇಲೆ, ಮಕ್ಕಳ ಪುಟ್ಟ ಬೆಂಚಿನ ಮೇಲೆ ಇಬ್ಬರೂ ಮುದುರಿ ಕುಳಿತರು.

"ನಮ್ಮನೇಲಿ ಅಮ್ಮ ಒಬ್ಬಳೇ," ಎಂದಳು ಅವಳು. "ಅದಕ್ಕೇ ಇರಬೇಕು, ಒಬ್ಬರೇ ಅಂತ ಬರೆದೆ."

"ನಮ್ಮನೇಲಿ ಮಕ್ಕಳಿಗೆ ನಾನೊಬ್ಬನೇ. ಅದಕ್ಕೇ ನನಗೂ ಅದು ತಪ್ಪು ಅನ್ನಿಸಲಿಲ್ಲ."

ಅವಳಿಗೆ ತಡೆಯಲಾಗಲಿಲ್ಲ.

"ಯಾಕೆ ಮಾತು ಬಿಟ್ರಿ?"

"ಉತ್ತರ ಕೊಟ್ರಲ್ಲ, ಮೀಟಿಂಗಲ್ಲಿ, ನನ್ನ ಮುಖ ನೋಡ್ಕೊಂಡೇ. ಮಕ್ಕಳನ್ನ ಬೇರೆಯವರಿಗೆ ವರ್ಗಾಯಿಸಿ, ಹೊರೆ ಆಗುತ್ತೆ ಅಂತ..."

ಅವಳು ತಟ್ಟನೆ ಅವನತ್ತ ತಿರುಗಿದಳು. "ಅಯ್ಯೋ, ಅದು ಸಾಫ್ಟ್‌ವೇರಿನ ಮಾತು! ನಿಮ್ಮ ಮಕ್ಕಳ ಬಗ್ಗೆ ನಾನು ಹಾಗೆ..." ಕಣ್ಣು ತುಂಬಿ ಬಂತು. "ಆದ್ರೆ ಸುಳ್ಳು ಹೇಳಲ್ಲ. ಅವತ್ತು ನನಗೆ ಭಯ ಇತ್ತು. ಅರ್ಧ ದಾರಿಯಲ್ಲಿ ಸೋತುಬಿಟ್ರೆ ಅಂತ."

"ಈಗ?"

"ಈಗಲೂ ಇದೆ. ಆದ್ರೆ ಅಮ್ಮ ಒಬ್ಬಳೇ ಸಾಕಿದಾಳೆ. ನಾವು ಇಬ್ಬರಿರ್ತೀವಲ್ಲ."

ಅವನು ಅವಳತ್ತ ಸರಿದು ಕುಳಿತ. ಅವಳ ಕೈ ಹಿಡಿದುಕೊಂಡ. ಅವಳೂ ಬಿಡಿಸಿಕೊಳ್ಳಲಿಲ್ಲ.

"ಈಗಲೇ ಮನೆಗೆ ಬರ್ತೀರಾ?" ಎಂದು ಕೊನೆಗೆ ಕೇಳಿದ. "ಚಿಕ್ಕವನು ಪಾಪದವನು. ದೊಡ್ಡವಳು ಮಾತ್ರ ಯಾರನ್ನೂ ಸುಲಭಕ್ಕೆ ಒಪ್ಪಲ್ಲ."

"ಒಪ್ಪದಿದ್ರೆ ನಾಳೆನೂ ಬರ್ತೀನಿ."

"ನಾಳೆನೂ ಒಪ್ಪದಿದ್ರೆ?"

"ನಾಡಿದ್ದು ಬರ್ತೀನಿ."