ಎದೆಗೆ ತಾಗದ ಸಂಜೆ

ಶ್ರೇಯಾಂಸಕುಮಾರ ಹೆಣ್ಣು ನೋಡಲು ಬರುತ್ತಾನೆಂದು ಗೊತ್ತಾದಂದಿನಿಂದ ರಾಜಮತಿಯ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಎಂ.ಎಸ್ಸಿ.ಯಲ್ಲಿ ಜೊತೆಗೆ ಓದಿದವನು. ಬಂದ ಸಂಬಂಧಗಳಿಗೆಲ್ಲ ಏನಾದರೊಂದು ಹುಳುಕು ಹುಡುಕಿ ಬೇಡವೆಂದದ್ದು ಇವನಿಗಾಗಿಯೇ. 2003ರ ಆ ಬೇಸಿಗೆಯಲ್ಲಿ, ಮೆದುಳಿನ ಬಗ್ಗೆ ಪಿಎಚ್.ಡಿ. ಮುಗಿಸಿ, ಮೂಡುಬಿದಿರೆಯ ಅವಳ ಮನೆ ಚಾವಡಿಯಲ್ಲೇ ಕೂತಿದ್ದ! ತನ್ನನ್ನು ಅವನೂ ಮರೆತಿಲ್ಲವೆಂದು ಅವನ ಬಾಯಿಂದಲೇ ಕೇಳಬೇಕಿತ್ತು, ಅಷ್ಟೆ.

ಹಿರಿಯರು ಒಳಗೆ ಎದ್ದು ಹೋದರು. ಜೈನರ ಮನೆ, ಹೊತ್ತು ಮುಳುಗುವ ಮೊದಲು ಊಟ ಆಗಬೇಕು; ಇವರ ಮಾತೂ ಅಷ್ಟರೊಳಗೆ ಮುಗಿಯಬೇಕು.

"ರಿಸರ್ಚ್ ಯಾವುದರಲ್ಲಿ?" ಓರೆಗಣ್ಣಲ್ಲಿ ನೋಡುತ್ತ ಕೇಳಿದಳು.

"ನೆನಪಿನಲ್ಲಿ. ಎರಡು ನರಕೋಶ ಸೇರುವ ಜಾಗ ಉಂಟಲ್ಲ, ಸಿನಾಪ್ಸ್, ಅದು ಗಟ್ಟಿಯಾದರೆ ನೆನಪು. ಆದರೆ ಸ್ವಲ್ಪ ಹೊತ್ತಿಗೆ ಪುನಃ ಸಡಿಲ ಆಗ್ತದೆ. ಆ ಹೊತ್ತಿಗೇ ಡೋಪಮಿನ್, ನಾರ್‌ಅಡ್ರಿನಲಿನ್ ಅಂತ ಮೆದುಳಿನ ರಾಸಾಯನಿಕಗಳು ಬಂದರೆ ಹೆಚ್ಚಾಗಿ ಉಳೀತದೆ."

"ಅವು ಬರೋದು ಯಾವಾಗ?"

"ಮನಸ್ಸಿಗೆ ತಾಗಿದಾಗ. ಹೆದರಿಕೆ, ಖುಷಿ... ಎದೆ ಡವಡವ ಅಂದಾಗ."

ಅವಳ ಎದೆ ಆಗಲೂ ಹಾಗೆಯೇ ಅನ್ನುತ್ತಿತ್ತು. ನಾಚಿಕೆ ಬಿಟ್ಟು ಕೇಳಿದಳು.

"ಬೆಳ್ತಂಗಡಿ ಟೂರಿಂದ ಬರುವಾಗ ಬಂಟ್ವಾಳದಲ್ಲಿ ಬಸ್ಸು ಕೆಟ್ಟದ್ದು ನೆನಪುಂಟಾ? ಹೊತ್ತು ಮುಳುಗ್ತದೆ ಅಂತ ನಾವಿಬ್ಬರೇ ನಿಮ್ಮ ಡಬ್ಬಿಯ ಅವಲಕ್ಕಿ ಗಬಗಬ ತಿಂದದ್ದು? 'ಬೇಗ ಮಾರಾಯ್ತಿ, ಸೂರ್ಯ ಕಾಯುವುದಿಲ್ಲ' ಅಂತ ನಗಾಡಿದಿರಿ."

ಅವನು ಪ್ರಾಮಾಣಿಕವಾಗಿಯೇ ಯೋಚಿಸಿದ. "ಬಸ್ಸು ಕೆಟ್ಟದ್ದು ಹೌದು. ಅವಲಕ್ಕಿ... ಇಲ್ಲಪ್ಪ. ನೀವು ನಮ್ಮ ಬ್ಯಾಚಲ್ಲೇ ಇದ್ದದ್ದು ಅಂತ ನನಗೆ ಅಮ್ಮ ಹೇಳಿದ ಮೇಲೆಯೇ ಗೊತ್ತಾದದ್ದು."

ಅದು ಸುಳ್ಳು ಹೇಳುವ ಮುಖವಲ್ಲ. ಅವಳನ್ನು ಕೊಂದದ್ದು ಅದೇ. ಅವಳೊಳಗೆ ವರ್ಷಗಟ್ಟಲೆ ಅಲುಗದೆ ಕೂತಿದ್ದ ಸಂಜೆ ಅವನಲ್ಲಿ ಅಂದೇ ಅಳಿಸಿಹೋಗಿತ್ತು. ಯಾಕೆಂದು ಈಗಷ್ಟೇ ಅವನೇ ವಿವರಿಸಿದ್ದ.

"ನನಗೆ ನೀವು ಒಪ್ಪಿಗೆ," ಅಂದ. "ನಿಮಗೆ?"

ಹೂಂ ಅಂದರೆ ಅವನು ಅವಳವನು. ಆದರೆ ಅವಳೊಬ್ಬಳೇ ಪ್ರೀತಿಸಿದ್ದಳು, ಅವಳೊಬ್ಬಳೇ. ಅದನ್ನು ಬಚ್ಚಿಟ್ಟುಕೊಂಡು ದಿನಾ ಅವನಿಗೆ ಬಡಿಸುವುದು ಹೇಗೆ?

"ನನಗೆ ಬೇಡ," ಅಂದಳು.

ಅವನ ಮುಖ ಬಿಳಿಚಿತು. ಹಿಡಿದಿದ್ದ ಲೋಟ ವಾಲಿ ಪಾನಕ ಅಂಗಿಯ ಮೇಲೆ ಚೆಲ್ಲಿತು. "ಯಾಕೆ? ನಾನು ಎಂತ ತಪ್ಪು ಮಾಡಿದೆ?" ಮೊದಲ ಸಲ ಅವಳನ್ನು ಕಣ್ಣಿಟ್ಟು ನೋಡಿದ.

ಒಳಗಿಂದ ಊಟಕ್ಕೆ ಕರೆದರು. ಅವನು ಕದಲಲಿಲ್ಲ.

ಇನ್ನು ಇವನು ಜನ್ಮದಲ್ಲಿ ತನ್ನನ್ನು ಮರೆಯಲಾರ ಎಂದು ರಾಜಮತಿಗೆ ತಿಳಿಯಿತು. ಇಷ್ಟು ವರ್ಷ ಬಯಸಿದ್ದು ಅದನ್ನೇ. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.