ಹುಲ್ಲಲ್ಲಿ ಮಲಗಿದ ಸೇಬು

ಬಹಳ ಬಹಳ ಹಿಂದೆ, ಮೋಡಗಳಿಗಿಂತ ಎತ್ತರದಲ್ಲಿದ್ದ ತುಹಿನಪುರಿ ಎಂಬ ರಾಜ್ಯದಲ್ಲಿ ಮನೆಗೊಂದು ಸುಕ್ಕುಸೇಬಿನ ಮರವಿತ್ತು. ನೋಡಲು ಚೆಂದದ ಹಣ್ಣಲ್ಲ ಅದು. ಕಂದು ಬಣ್ಣ, ಆಲೂಗಡ್ಡೆಯಂಥ ಒರಟು ಸಿಪ್ಪೆ. ಆದರೆ ಚಳಿಗಾಲ ಬಂತೆಂದರೆ ಮನೆಯೆಲ್ಲ ಅದರದೇ ಘಮ.

ಒಮ್ಮೆ ಕಜ್ಜಲನೆಂಬ ಮಾಂತ್ರಿಕ ಬಂದು ಫಳಫಳ ಹೊಳೆಯುವ ಕೆಂಪು ಸೇಬು ಹಂಚಿದ. ತಿಂದವರು ಹಳೆಯದನ್ನೆಲ್ಲ ಮರೆತರು. ಹಳೆಯ ಮರಗಳನ್ನೂ ಕಡಿದರು. ರಾಜ ಸೋಮಧರ ತನ್ನ ಒಬ್ಬಳೇ ಮಗಳು ಇಳೆಯನ್ನು ನೋಡಿ, "ನೀನು ಯಾರಮ್ಮ?" ಎಂದು ಕೇಳಿದ. ಅಂದು ಜ್ವರದಲ್ಲಿದ್ದ ಇಳೆ ಆ ಹಣ್ಣು ತಿಂದಿರಲಿಲ್ಲ. ಅರಮನೆಯಲ್ಲಿ ಅಡುಗೆ ಮಾಡುತ್ತಿದ್ದ ನೀಲಜ್ಜಿಗೂ ಹಲ್ಲಿಲ್ಲದೆ ಅದನ್ನು ಕಚ್ಚಲಾಗಿರಲಿಲ್ಲ.

ವರ್ಷಗಳು ಕಳೆದವು. ಇಳೆ ಬೆಳೆದಳು. ರಾಜ ಮಾತ್ರ ದಿನವೂ ಅದನ್ನೇ ಕೇಳುತ್ತಿದ್ದ.

ಹಳೆಯ ಹಣ್ಣು ತಿಂದರೆ ಅಪ್ಪನಿಗೆ ನೆನಪು ಬರಬಹುದೆಂದು ಇಳೆಗೆ ಹೊಳೆಯಿತು. ನೀಲಜ್ಜಿಯ ಹಿತ್ತಲಲ್ಲಿ ಉಳಿದಿದ್ದ ಒಂದೇ ಮರದಿಂದ ಹಣ್ಣು ಕಿತ್ತು ಅಂದೇ ಅಪ್ಪನಿಗೆ ಹೆಚ್ಚಿಕೊಟ್ಟಳು. ರಾಜ ಹುಳಿಯೆಂದು ಉಗಿದ. ಇಳೆ ಆ ಹಣ್ಣನ್ನು ಚಿಕ್ಕಂದಿನಲ್ಲಿ ತಟ್ಟೆಯಲ್ಲಷ್ಟೇ ಕಂಡವಳು, ಅದನ್ನು ಮಾಗಿಸಬೇಕೆಂದು ಅವಳಿಗೆ ಗೊತ್ತಿರಲಿಲ್ಲ.

ನೀಲಜ್ಜಿ ನಕ್ಕಳು. "ಕಿತ್ತ ದಿನವೇ ಯಾರಾದ್ರೂ ತಿಂತಾರೇನೇ? ಉಳಿದಿದ್ದನ್ನ ಹುಲ್ಲಲ್ಲಿ ಮಲಗಿಸು. ಹಿಮ ಬೀಳೋವರೆಗೂ ಮುಟ್ಟಬೇಡ."

ಇಳೆ ಅಟ್ಟದಲ್ಲಿ ಹುಲ್ಲು ಹಾಸಿ ಹಣ್ಣು ಮಲಗಿಸಿ ಕಾವಲು ಕೂತಳು.

ಮೊದಲು ಮಾಂತ್ರಿಕನ ಗಿಳಿ ಬಂತು. ಹಣ್ಣು ಸುಕ್ಕಾಗುತ್ತಿದೆ, ಎಸೆ ಎಂದಿತು. ಇಳೆ ಎಸೆಯಲಿಲ್ಲ.

ಆಮೇಲೆ ಅವನ ಕರಡಿ ಬಂತು. ಹಣ್ಣು ಇನ್ನಷ್ಟು ಸುಕ್ಕಾಗಿದೆ, ಎಸೆಯದಿದ್ದರೆ ನಿನ್ನನ್ನೇ ನುಂಗುತ್ತೇನೆ ಎಂದಿತು. ಇಳೆ ಹಣ್ಣಿನ ಮೇಲೆ ಇನ್ನಷ್ಟು ಹುಲ್ಲು ಮುಚ್ಚಿದಳು, ಎಸೆಯಲಿಲ್ಲ.

ಕೊನೆಗೆ ಮಾಂತ್ರಿಕನೇ ರಾಜನ ರೂಪದಲ್ಲಿ ಬಂದ. "ಇಳಾ, ಮಗಳೇ, ಕೊಳೆತದ್ದನ್ನೆಲ್ಲ ಎಸೆದು ಬಾ."

ಮಗಳೇ ಎಂಬುದು ಅವಳು ಎಷ್ಟೋ ವರ್ಷಗಳಿಂದ ಕಾದಿದ್ದ ಮಾತು. ಇಳೆ ಅಳುತ್ತಾ ಹಣ್ಣುಗಳನ್ನು ಸೆರಗಿಗೆ ತುಂಬಿಕೊಂಡಳು. ಬಾಗಿಲ ಬಳಿ ನಿಂತುಬಿಟ್ಟಳು.

"ನಮ್ಮಪ್ಪ ಯಾವತ್ತೂ ಹಣ್ಣು ಎಸೆದವರಲ್ಲ," ಎಂದಳು ಮೆಲ್ಲಗೆ. "ಕೊಳೆತಷ್ಟು ಕೆತ್ತಿ ಉಳಿದದ್ದು ತಿಂತಿದ್ರು."

ಗುಟ್ಟು ಬಯಲಾದ ಮಾಂತ್ರಿಕ ಹೊಗೆಯಾಗಿ ಕಿಟಕಿಯಿಂದ ಹೊರಬಿದ್ದ. ಹೊರಗೆ ಹಿಮ ಬೀಳತೊಡಗಿತ್ತು. ಹೊಗೆ ಅದರಲ್ಲೇ ಕರಗಿಹೋಯಿತು.

ಅಟ್ಟದಿಂದ ಜೇನು, ಅಕ್ರೋಟು ಬೆರೆತಂಥ ಘಮ ಅರಮನೆಗೆಲ್ಲ ಇಳಿಯಿತು. ಇಳೆ ಹಣ್ಣು ಹೆಚ್ಚಿಕೊಟ್ಟಳು. ರಾಜ ಒಂದು ಹೋಳು ತಿಂದ, ಇನ್ನೊಂದು ತಿಂದ. ಅವಳನ್ನು ತುಂಬ ಹೊತ್ತು ನೋಡಿದ.

"ಇಳಾ," ಎಂದ, "ಯಾವಾಗಮ್ಮ ಇಷ್ಟು ಎತ್ತರ ಬೆಳೆದೆ?"

ಆ ಚಳಿಗಾಲ ಊರವರೆಲ್ಲ ಒಂದೊಂದು ಹೋಳು ತಿಂದು ತಮ್ಮವರನ್ನು ಗುರುತಿಸಿದರು. ಮತ್ತೆ ಮನೆಗೊಂದು ಮರವಾಯಿತು. ಎಲ್ಲರೂ ಸುಖವಾಗಿದ್ದರು. ಕಳೆದ ವರ್ಷಗಳನ್ನು ಮಾತ್ರ ಇಳೆ ಅಪ್ಪನಿಗೆ ಒಂದೊಂದಾಗಿ ಹೇಳಬೇಕಾಯಿತು. ಅವನು ಎಲ್ಲವನ್ನೂ ಎರಡೆರಡು ಸಲ ಹೇಳಿಸಿಕೊಂಡ.